ಕೆಂಪು ಗುರುತಿನ ಮೇಲೆ ಕಪ್ಪು ಪಟ್ಟಿ

ಮಾರ್ಚ್ 3, ಸೋಮವಾರ

ನನ್ನ ತಂದೆಗೆ ಗಡ್ಡ ಬೋಳಿಸಿಕೊಳ್ಳಲು ಹೇಳಿದ್ದಾರೆ. ಇದು ಅನ್ಯಾಯ. ಬೇರೇನನ್ನಾದರೂ ಬರೆಯುವ ಮೊದಲು ಇದು ದಾಖಲಾಗಲಿ.

ಹೇಳಿದವನು ಡೆನಿಸ್ಟನ್, ಲಾರಿ ಕಂಪನಿಯ ಸುರಕ್ಷತಾ ಅಧಿಕಾರಿ. ಕೇಳಿಸಿಕೊಂಡವರು ಜಗ್ತಾರ್ ಸಿಂಗ್. ಇಪ್ಪತ್ತೆರಡು ವರ್ಷ ಫ್ರೆಸ್ನೋದ ದ್ರಾಕ್ಷಿ, ಬಾದಾಮಿ ಹೊತ್ತು ಸಿಯಾಟಲ್‌ವರೆಗೆ ಓಡಿಸಿ ಒಂದು ಕನ್ನಡಿಯನ್ನೂ ಒಡೆಯದವರು. ಜನವರಿಯಲ್ಲಿ ಅವರನ್ನು ನಿದ್ರೆಯ ಪರೀಕ್ಷೆಗೆ ಕಳಿಸಿದರು. ನಿದ್ರೆಯಲ್ಲಿ ಅಪ್ಪನ ಉಸಿರು ಗಂಟೆಗೆ ನಲವತ್ತೊಂದು ಸಲ ನಿಲ್ಲುತ್ತದಂತೆ. ಅದಕ್ಕೆ ಸಿಪ್ಯಾಪ್ ಯಂತ್ರ ಕೊಟ್ಟರು: ಒಂದು ಡಬ್ಬಿ, ಒಂದು ಕೊಳವೆ, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್. ಗಂಟಲು ಕುಸಿದು ಮುಚ್ಚದಂತೆ ಅದು ರಾತ್ರಿಯಿಡೀ ಗಾಳಿ ಒತ್ತುತ್ತದೆ. ಡಾಕ್ಟರು ಒತ್ತಡ ಒಂಬತ್ತು ಎಂದು ಬರೆದರು. ಹತ್ತು ರಾತ್ರಿಗಳಲ್ಲಿ ಏಳು ರಾತ್ರಿಯಾದರೂ ತಲಾ ನಾಲ್ಕು ಗಂಟೆ ಹಾಕಿಕೊಂಡಿರಬೇಕು. ವರದಿಯನ್ನು ಯಂತ್ರವೇ ಕಳಿಸುತ್ತದೆ. ಏಪ್ರಿಲ್ ಮೂವತ್ತಕ್ಕೆ ಅಪ್ಪನ ವೈದ್ಯಕೀಯ ಚೀಟಿ ಮುಗಿಯುತ್ತದೆ. ಚೀಟಿ ಇಲ್ಲದವನಿಗೆ ಲಾರಿ ಇಲ್ಲ. ಅಲ್ಲಿಯವರೆಗೆ ದೂರದ ಓಟ ಕಿತ್ತುಕೊಂಡು ಓಕ್‌ಲ್ಯಾಂಡ್ ಬಂದರಿಗೆ ದಿನದ ಓಟ ಹಾಕಿದ್ದಾರೆ.

ಒಂದು ತಿಂಗಳ ವರದಿ ಬಂತು. ಗಡ್ಡದ ಸಂದಿಯಲ್ಲಿ ಗಾಳಿ ಸೋರುತ್ತಿದೆ. ಡೆನಿಸ್ಟನ್ ಎಲ್ಲ ಚಾಲಕರ ಎದುರು, "ಜ್ಯಾಗ್, ಆ ಪೊರಕೆ ಮೇಲೆ ಯಾವ ಮಾಸ್ಕೂ ಕೂರಲ್ಲ. ಬೋಳಿಸ್ಕೊಂಡು ಬಾ, ಇಲ್ಲಾ ಮನೇಲಿ ಕೂತು ಅದನ್ನೇ ಬಾಚ್ಕೊ" ಅಂದನಂತೆ. ಎಲ್ಲರೂ ನಕ್ಕರಂತೆ. ಅಪ್ಪನೂ ನಕ್ಕರಂತೆ. ಆ ಕೊನೆಯದನ್ನು ಮಾತ್ರ ನನಗೆ ಕ್ಷಮಿಸಲಾಗುತ್ತಿಲ್ಲ.

ನಾನು ಹತ್ತೊಂಬತ್ತಕ್ಕೆ ಕೂದಲು ಕತ್ತರಿಸಿ ಮುಖ ಬೋಳಿಸಿದವನು. ಅದು ಬೇರೆ ವಿಷಯ, ನನ್ನ ಇಷ್ಟದಿಂದ ಆದದ್ದು. ಇದು ಬಲಾತ್ಕಾರ.

ಸಮಿತಿಯೊಂದನ್ನು ರಚಿಸಿದ್ದೇನೆ. ಸದಸ್ಯರು: ಸದ್ಯಕ್ಕೆ ನಾನು, ಅಮಿತೋಜ್ ಸಿಂಗ್.

ಮಾರ್ಚ್ 5, ಬುಧವಾರ

ನಾನು ಕೆಲಸ ಮಾಡುವ ಟೈರ್ ಅಂಗಡಿಗೆ ರಜೆ ಹಾಕಿ ಅಪ್ಪನ ಜೊತೆ ಕ್ಲಿನಿಕ್ಕಿಗೆ ಹೋದೆ. ರಕ್ತದೊತ್ತಡ ನೋಡಲು ಅವರನ್ನು ಒಳಗೆ ಕರೆದೊಯ್ದಾಗ ಯಂತ್ರದ ವಿಷಯ ನೋಡಿಕೊಳ್ಳುವ ಲೂರ್ಡೆಸ್ ನನ್ನನ್ನು ಕೂರಿಸಿಕೊಂಡು ಮಾತಾಡಿದಳು. ಫಿಲಿಪೀನ್ಸಿನ ಹೆಂಗಸು, ಐವತ್ತು ದಾಟಿದೆ, ಮಾತಾಡುವಾಗ ಎದುರಿನವರ ಕೈ ಹಿಡಿದುಕೊಳ್ಳುವ ಅಭ್ಯಾಸ. ಒಂಬತ್ತರ ಒತ್ತಡ ಸರಿಯಾಗಿಯೇ ಇದೆ, ತಪ್ಪಿರುವುದು ಮಾಸ್ಕ್ ಎಂದಳು. ಸೋರಿಕೆ ಇದ್ದಾಗ ಯಂತ್ರ ತೋರಿಸುವ ಅಂಕಿಯನ್ನು ನಂಬಬೇಡ, ಸೋರಿದರೆ ಅದು ಕುರುಡು, ನಿಂತ ಉಸಿರನ್ನು ಎಣಿಸಲಾರದು ಎಂದೂ ಹೇಳಿದಳು. ಆಮೇಲೆ ಒಂದು ಸಣ್ಣ ಪೆಟ್ಟಿಗೆ ಕೊಟ್ಟಳು. ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವ ಪುಟ್ಟ ಮಾಸ್ಕ್. ಗಡ್ಡವನ್ನು ಮುಟ್ಟುವುದೇ ಇಲ್ಲ. ನಿದ್ರೆಯಲ್ಲಿ ಬಾಯಿ ತೆರೆದುಕೊಂಡರೆ ಗಾಳಿ ಹೋಗುತ್ತದಲ್ಲ ಎಂದು ಕೇಳಿದೆ.

"ನಿಮ್ಮಪ್ಪ ಬೆಳಿಗ್ಗೆ ಗಡ್ಡ ಕೂರ್ಲಿ ಅಂತ ಒಂದು ಬಟ್ಟೆ ಕಟ್ಕೋತಾರಲ್ಲ, ಗದ್ದದಿಂದ ನೆತ್ತಿಗೆ? ಅದನ್ನೇ ರಾತ್ರಿ ಕಟ್ಕೊಂಡು ಮಲಗ್ಲಿ. ಬಾಯಿ ತೆರೆಯಲ್ಲ. ನನ್ನ ಹತ್ರ ಬರೋ ಮೂರು ಜನ ಸರ್ದಾರ್ಜಿಗಳು ಹೀಗೇ ಮಲಗ್ತಾರೆ, ಮಕ್ಕಳ ಥರ."

ಅವಳು ಹೇಳುತ್ತಿದ್ದದ್ದು ನಮ್ಮ ಠಾಠಿಯ ವಿಷಯ. ನಮ್ಮ ಬಟ್ಟೆಯನ್ನು ಇವಳು ಆಸ್ಪತ್ರೆಯ ಪಟ್ಟಿ ಮಾಡಿಬಿಟ್ಟಳು.

ಯೋಚಿಸಿದೆ. ಇದು ರಾಜಿ. ನನ್ನ ಬಳಿಯ ಕಿರುಹೊತ್ತಿಗೆಯೊಂದರಲ್ಲಿ ನಾನು ಎರಡು ಸಲ ಗೆರೆ ಎಳೆದ ಸಾಲಿದೆ: ಒಡೆಯ ಕೊಡುವ ಸಣ್ಣ ಅನುಕೂಲದ ಕೆಳಗೆ ದೊಡ್ಡ ನ್ಯಾಯವನ್ನು ಹೂಳಿರುತ್ತಾರೆ. ಅಪ್ಪ ಈ ಪುಟ್ಟ ಮಾಸ್ಕ್ ಹಾಕಿಕೊಂಡು ಹಾಯಾಗಿ ಮಲಗಿದರೆ ಡೆನಿಸ್ಟನ್ ಆಡಿದ ಮಾತು ಏನಾಗುತ್ತದೆ? ಗಾಳಿಗೆ ಹೋಗುತ್ತದೆ. ಈ ಫ್ರೆಸ್ನೋ ಕಣಿವೆಯ ನೂರಾರು ಸಿಖ್ ಚಾಲಕರ ಪ್ರಶ್ನೆ ಒಂದು ಪ್ಲಾಸ್ಟಿಕ್ ತುಂಡಿನಲ್ಲಿ ಮುಗಿದುಹೋಗುತ್ತದೆ.

ಕಾರಿನಲ್ಲಿ ಅಪ್ಪ ಅವಳೇನಂದಳು ಎಂದು ಕೇಳಿದರು. ಸಾರಾಂಶ ಹೇಳಿದೆ: ಗಡ್ಡ ತೆಗೆಯಿರಿ, ಇಲ್ಲವಾದರೆ ಒತ್ತಡ ಏರಿಸಬೇಕು ಎನ್ನುತ್ತಾಳೆ. ಇಡೀ ವ್ಯವಸ್ಥೆಯ ಮನಸ್ಸಿನಲ್ಲಿರುವುದು ಅದೇ ತಾನೆ. ಅಪ್ಪ ಗಡ್ಡದ ಮೇಲೆ ಕೈಯಾಡಿಸಿ, "ಹಾಗಾದ್ರೆ ಏರಿಸೋಣ, ಪುತ್" ಎಂದರು.

ಪೆಟ್ಟಿಗೆ ನನ್ನ ಕೋಣೆಯಲ್ಲಿದೆ, ಕರಪತ್ರಗಳ ಕೆಳಗೆ.

ಮಾರ್ಚ್ 8, ಶನಿವಾರ

ಒತ್ತಡ ಬದಲಿಸುವ ಪುಟವನ್ನು ಯಂತ್ರದಲ್ಲಿ ರೋಗಿಗೆ ಕಾಣದಂತೆ ಬಚ್ಚಿಟ್ಟಿರುತ್ತಾರೆ. ಯಾಕೆ ಬಚ್ಚಿಡಬೇಕು? ಉಸಿರು ಯಾರದು? ನಿನ್ನೆ ರಾತ್ರಿ ಅರ್ಧ ಗಂಟೆ ಹುಡುಕಿ ಆ ಬಾಗಿಲು ತೆರೆದೆ. ಮೊದಲು ವರದಿ ಕಳಿಸುವುದನ್ನು ನಿಲ್ಲಿಸಿದೆ, ಬೇಹುಗಾರನ ಬಾಯಿ ಮುಚ್ಚಿದ ಹಾಗೆ. ಇನ್ನು ಲೆಕ್ಕವೆಲ್ಲ ಒಳಗಿನ ಮೆಮೊರಿ ಕಾರ್ಡಿನಲ್ಲೇ ಉಳಿಯುತ್ತದೆ. ಬೇಕಾದಾಗ ನಾವೇ ಕೊಡುತ್ತೇವೆ. ಆಮೇಲೆ ಒಂಬತ್ತನ್ನು ಹನ್ನೊಂದು ಮಾಡಿದೆ.

ಗಂಟೆಗೆ ಎಷ್ಟು ಸಲ ಉಸಿರು ನಿಂತಿತೆಂಬ ಅಂಕಿಯನ್ನು ಯಂತ್ರ ಒಂಬತ್ತರ ಒತ್ತಡದಲ್ಲಿ ಹದಿನಾರು ಎಂದು ತೋರಿಸುತ್ತಿತ್ತು. ಇಂದು ಬೆಳಿಗ್ಗೆ ಹನ್ನೆರಡು.

ಮಾರ್ಚ್ 13, ಗುರುವಾರ

ಹದಿಮೂರಕ್ಕೆ ಏರಿಸಿದೆ. ಅಂಕಿ ಏಳಕ್ಕೆ ಇಳಿದಿದೆ.

ಯಂತ್ರದ ಮುಖದ ಮೇಲೆ ಸೋರಿಕೆಗೆಂದು ಒಂದು ಕೆಂಪು ಗುರುತು ಹೊತ್ತಿಕೊಳ್ಳುತ್ತದೆ, ಮುಖ ಸಿಂಡರಿಸಿದ ಗೊಂಬೆ. ಸೋರಿಕೆ ಎನ್ನುವುದು ಅವರ ಪದ. ಗಡ್ಡ ತೆಗೆಸಲು ಅವರಿಗಿರುವ ಒಂದೇ ನೆಪ. ಬೆಳಿಗ್ಗೆ ಎದ್ದ ತಕ್ಷಣ ಅಪ್ಪ ಆ ಗೊಂಬೆಯನ್ನು ನೋಡಿ ಕೈಯಿಂದ ಗಡ್ಡ ಮುಟ್ಟಿಕೊಳ್ಳುತ್ತಾರೆ, ತಪ್ಪು ಮಾಡಿದವರ ಹಾಗೆ. ಅದಕ್ಕೆ ಅಂಗಡಿಯಿಂದ ಕಪ್ಪು ಅಂಟುಪಟ್ಟಿ ತಂದು ಗುರುತಿನ ಮೇಲೆ ಅಂಟಿಸಿದೆ.

ಲೂರ್ಡೆಸ್ ಎರಡು ಸಲ ಫೋನ್ ಮಾಡಿದ್ದಳು. ವರದಿ ಬರುತ್ತಿಲ್ಲವಂತೆ, ಪುಟ್ಟ ಮಾಸ್ಕ್ ಹೇಗಿದೆಯಂತೆ. ತೆಗೆದುಕೊಳ್ಳಲಿಲ್ಲ.

ಮಾರ್ಚ್ 16, ಭಾನುವಾರ

ಗುರುದ್ವಾರದಲ್ಲಿ ಲಂಗರ್ ಊಟ ಆದ ಮೇಲೆ ಇನ್ನೂರು ಕರಪತ್ರ ಹಂಚಿದೆ. ಶೀರ್ಷಿಕೆ: ಗಡ್ಡವೋ ಗಾಡಿಯೋ? ಮೇಲೆ ಅಪ್ಪನ ಫೋಟೋ, ಕಿತ್ತಳೆ ಪೇಟ, ಎದೆ ತುಂಬ ಗಡ್ಡ. ಮೇಜರ್ ಚಾಚಾ ಅಪ್ಪನ ಹಳೆಯ ಜೋಡಿ. ಒಂದೇ ಲಾರಿಯನ್ನು ಇಬ್ಬರೂ ಸರದಿಯ ಮೇಲೆ ಓಡಿಸಿದವರು. ಅವರು ಕರಪತ್ರವನ್ನು ದೂರ ಹಿಡಿದು ಓದಿ, ಅಪ್ಪನ ಕಡೆ ನೋಡಿ, "ಏನಪ್ಪಾ ಜಗ್ತಾರ್, ಮದುವೇಲೂ ನಿನ್ನ ಫೋಟೋ ಇಷ್ಟು ದೊಡ್ಡದಾಗಿ ಬಂದಿರ್ಲಿಲ್ಲ" ಎಂದರು. ಅಪ್ಪ ನಗಲಿಲ್ಲ. ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದರು, ಕೈಯಲ್ಲಿ ಅರ್ಧ ರೊಟ್ಟಿ. ದಾಲ್ ತೊಡೆಯ ಮೇಲೆ ಚೆಲ್ಲಿತ್ತು.

ಫೋಟೋ ತೆಗೆದುಕೊಂಡೆ. ಮುಂದಿನ ಕರಪತ್ರಕ್ಕೆ ಒಳ್ಳೆಯದು: ದಣಿದ ಶ್ರಮಿಕ.

ಮಾರ್ಚ್ 21, ಶುಕ್ರವಾರ

ಹದಿನೈದು. ಅಂಕಿ ಮೂರು!

ಡಾಕ್ಟರು ಐದಕ್ಕಿಂತ ಕಡಿಮೆ ಇರಲಿ ಎಂದಿದ್ದರು. ನಾವು ಮೂರಕ್ಕೆ ತಂದಿದ್ದೇವೆ, ಒಂದು ಕೂದಲೂ ಉದುರಿಸದೆ.

ಮಾರ್ಚ್ 25, ಮಂಗಳವಾರ

ಅಮ್ಮ ಬೆಳಿಗ್ಗೆ ಚಹಾ ಕೊಡುವಾಗ ತಗಾದೆ ತೆಗೆದಳು. ಮಾಸ್ಕಿನೊಳಗಿಂದಲೇ ಗೊರಕೆ ಕೇಳಿಸುತ್ತಿದೆ, ಮೊದಲಿನ ಹಾಗೇ ಮಧ್ಯೆ ನಿಂತು ಕತ್ತು ಹಿಸುಕಿದಂತೆ ಏಳುತ್ತಾರೆ ಎಂದಳು. ನಾನು ಅಂಕಿ ತೋರಿಸಿದೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದೆ.

"ನಾನು ಇಪ್ಪತ್ತೇಳು ವರ್ಷ ಪಕ್ಕದಲ್ಲಿ ಮಲಗಿದೀನಿ. ನಿನ್ನ ಯಂತ್ರ ಬಂದು ಎರಡು ತಿಂಗಳಾಗಿಲ್ಲ."

ಭಾವನೆಯಿಂದ ಮಾತಾಡುವವರ ಜೊತೆ ವಾದ ಬೆಳೆಸಬಾರದು ಎಂದು ಚಹಾ ಮುಗಿಸಿ ಎದ್ದೆ. ಆದರೆ ಸಂಜೆ ಅಪ್ಪನೂ ಅದನ್ನೇ ತೆಗೆದರು. ಎರಡೂ ಕಣ್ಣು ಕೆಂಪಗಿವೆ. ಮಾಸ್ಕಿನ ಮೇಲಂಚಿನಿಂದ ಗಾಳಿ ಕಣ್ಣಿಗೇ ಹೊಡೆಯುತ್ತದಂತೆ. ನುಂಗಿದ ಗಾಳಿಗೆ ಹೊಟ್ಟೆ ಉಬ್ಬಿ ಸೊಂಟದ ಪಟ್ಟಿ ಹಾಕಲಾಗುತ್ತಿಲ್ಲ. ಮಂಚದ ತುದಿಯಲ್ಲಿ ಕೂತು, "ಸ್ವಲ್ಪ ಇಳಿಸು, ಪುತ್. ಓಡೋ ಲಾರಿ ಕಿಟಕೀಲಿ ತಲೆ ಹೊರಗೆ ಹಾಕಿ ಮಲಗಿದ ಹಾಗಿರತ್ತೆ" ಎಂದರು.

ಇಳಿಸಿದರೆ ಅಂಕಿ ಏರುತ್ತದೆ, ಅಂಕಿ ಏರಿದರೆ ಗಡ್ಡ ಹೋಗುತ್ತದೆ ಎಂದೆ. ಅವರು ಕೇಳಲಿಲ್ಲ. ಮತ್ತೆ ಮತ್ತೆ ಅದನ್ನೇ ಹೇಳಿದಾಗ ನನ್ನ ಬಾಯಿಂದ ಬಂತು: "ಆ ಡೆನಿಸ್ಟನ್ ಎದುರು ನಕ್ಕು ಬಂದೋರು ನೀವು. ನನ್ನೆದುರು ಅಳ್ತೀರಾ?"

ಅಪ್ಪ ಮಾಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿದರು. ನಂತರ ಅದನ್ನು ನನ್ನ ಕಡೆ ಹಿಡಿದು, "ನಿನ್ನ ಮುಖಕ್ಕೆ ಸರಿಯಾಗಿ ಕೂರತ್ತೆ. ಒಂದು ರಾತ್ರಿ ನೀನೇ ಹಾಕ್ಕೊಂಡು ನೋಡು" ಎಂದರು.

ನನಗೆ ಮುದ್ರಣದ ಕೆಲಸವಿತ್ತು, ಹೊರಟೆ. ಹೋಗುವಾಗ ಯಂತ್ರ ಶುರುವಾದ ಸದ್ದು ಕೇಳಿಸಿತು. ಹಾಕಿಕೊಂಡರು. ಶಿಸ್ತು ಬರುತ್ತಿದೆ.

ಮಾರ್ಚ್ 28, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ದಿನಚರಿ ನನ್ನದು, ಬೇರಾರೂ ಓದುವುದಿಲ್ಲ.

ಅಪ್ಪ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದರು. ಅಮ್ಮ ಕೆಲಸಕ್ಕೆ ಹೋಗಿದ್ದಳು. ನನ್ನೊಬ್ಬನಿಗೇ ಹೇಳಿದರು. ಮರ್ಸೆಡ್ ಊರು ದಾಟಿದ ಮೇಲೆ ರಸ್ತೆ ರಿಪೇರಿ ನಡೆಯುತ್ತಿತ್ತು. ಕಣ್ಣು ಮುಚ್ಚಿದ್ದು ಗೊತ್ತೇ ಆಗಲಿಲ್ಲವಂತೆ. ರಸ್ತೆಯಂಚಿನ ಎಚ್ಚರಿಕೆಯ ಗೀರುಗಳ ಮೇಲೆ ಚಕ್ರ ಹತ್ತಿ ಗರಗರ ಎಂದಾಗ ಎಚ್ಚರವಾಗಿದೆ. ಅಷ್ಟರಲ್ಲಿ ರಿಪೇರಿಯವರು ಅಡ್ಡ ಇಟ್ಟಿದ್ದ ಮೂರು ಕಿತ್ತಳೆ ಶಂಕುಗಳು ಚಕ್ರದ ಕೆಳಗೆ ಹೋಗಿದ್ದವು. ಮೂರನೆಯದರ ಹಿಂದೆ ಯಾರದೋ ಊಟದ ಡಬ್ಬಿ ಇತ್ತು. ಡಬ್ಬಿಯವನು ಹತ್ತು ಹೆಜ್ಜೆ ಆಚೆ ನೀರು ಕುಡಿಯುತ್ತ ನಿಂತಿದ್ದ. ಅಪ್ಪ ಲಾರಿ ನಿಲ್ಲಿಸಿ ಇಳಿದು ಹೋದಾಗ ಅವನು ಬೈಯಲಿಲ್ಲವಂತೆ. ಪೇಟ ನೋಡಿದ, ಡಬ್ಬಿ ನೋಡಿದ, ಕೈ ಬೀಸಿ ಹೋಗಿ ಎಂದ. ಅಪ್ಪ ತಮ್ಮ ಊಟವನ್ನು ಅವನಿಗೆ ಕೊಟ್ಟು ಡಬ್ಬಿಯನ್ನು ತಂದಿದ್ದಾರೆ. ಹಪ್ಪಳದ ಹಾಗೆ ಚಪ್ಪಟೆಯಾಗಿದೆ.

ಡೆನಿಸ್ಟನ್‌ಗೆ ಹೇಳಿಬಿಡುತ್ತೇನೆ ಎಂದರು. ನಾನು ತಡೆದೆ. ಇದು ಹೊರಗೆ ಬಂದರೆ ಅವನ ಕೈಗೆ ದೊಣ್ಣೆ ಕೊಟ್ಟಂತೆ. ಏಪ್ರಿಲ್ ಹನ್ನೆರಡರ ಪ್ರತಿಭಟನೆವರೆಗೆ ಯಾರಿಗೂ ಹೇಳಬಾರದು ಎಂದು ಅಪ್ಪನಿಂದ ಮಾತು ತೆಗೆದುಕೊಂಡೆ. ಪೇಟ ಮುಟ್ಟಿಸಿ ಮಾತು ತೆಗೆದುಕೊಂಡೆ.

ಅವರು ಹಿತ್ತಲಿಗೆ ಹೋಗಿ ಸುತ್ತಿಗೆಯಿಂದ ಆ ಡಬ್ಬಿಯನ್ನು ನೇರ ಮಾಡುತ್ತ ಕೂತರು. ಕತ್ತಲಾಗುವವರೆಗೂ ಟಣ್ ಟಣ್ ಸದ್ದು. ನನಗೆ ಭಾಷಣ ಬರೆಯಲಾಗಲಿಲ್ಲ.

ಏಪ್ರಿಲ್ 2, ಬುಧವಾರ

ಚಾಲಕ ಸರಿಯಾಗಿ ಮಲಗುತ್ತಿಲ್ಲ. ಒತ್ತಡ ಸಾಲದು ಎಂದರ್ಥ. ಹದಿನೇಳಕ್ಕೆ ಏರಿಸಿದೆ. ಅಂಕಿ ಎರಡು. ಧರಿಸಿದ್ದು ನಾಲ್ಕು ಗಂಟೆ ಆರು ನಿಮಿಷ. ಆರು ನಿಮಿಷದಲ್ಲಿ ಪಾಸು.

ಏಪ್ರಿಲ್ 5, ಶನಿವಾರ

ಮೂರು ಗುರುದ್ವಾರಗಳು ಒಪ್ಪಿವೆ. ವೈಶಾಖಿಯ ಹಿಂದಿನ ದಿನ, ಇದಕ್ಕಿಂತ ಒಳ್ಳೆಯ ದಿನ ಸಿಗದು. ಸ್ಥಳೀಯ ಪತ್ರಿಕೆಯವರು ಬರುತ್ತಾರೆ. ಸಮಿತಿಯಲ್ಲೀಗ ಹದಿನಾಲ್ಕು ಜನ.

ಏಪ್ರಿಲ್ 7, ಸೋಮವಾರ

ಅಪ್ಪ ಗಡ್ಡ ಬೋಳಿಸಿಕೊಂಡರು.

ನಿನ್ನೆ ಸಂಜೆ ನಾನು ಸಭೆಯಿಂದ ಬಂದಾಗ ಬಚ್ಚಲುಮನೆಯ ಬಾಗಿಲು ತೆರೆದಿತ್ತು. ಅಮ್ಮ ನೆಲದ ಮೇಲೆ ಕೂತು ತಾನು ತಲೆಗೆ ಹೊದೆಯುವ ಬಿಳಿ ಚುನ್ನಿಯಲ್ಲಿ ಕೂದಲನ್ನು ಎಳೆ ಎಳೆಯಾಗಿ ಆರಿಸಿ ಕಟ್ಟುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಅಪ್ಪ ಪಡಸಾಲೆಯಲ್ಲಿದ್ದರು. ಗದ್ದ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಯಾರೋ ಪರಿಚಯವಿಲ್ಲದ ಮುದುಕ ನಮ್ಮ ಸೋಫಾದಲ್ಲಿ ಕೂತ ಹಾಗಿತ್ತು.

ನಾನು ಕೂಗಾಡಿದೆ. ಹದಿನಾಲ್ಕು ಜನರ ಬೆವರು, ಎರಡು ಸಾವಿರ ಕರಪತ್ರ, ಇನ್ನು ಆರೇ ದಿನ. ಹೇಡಿ ಎಂದೆ. ಅವರು, "ಇನ್ನೊಂದು ಸಲ ಅಲ್ಲಿ ಡಬ್ಬಿ ಒಂದೇ ಇರಲ್ಲ, ಪುತ್. ಗಡ್ಡ ಗುರುವಿನದು, ಕೇಳಿದ್ರೆ ಅವನಿಗೆ ನಾನು ಉತ್ತರ ಹೇಳ್ತೀನಿ. ಆ ಮನುಷ್ಯನ ಹೆಂಡತಿಗೆ ಏನು ಹೇಳ್ಲಿ?" ಎಂದರು.

ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ಮಾಸ್ಕ್ ಗಟ್ಟಿಯಾಗಿ ಕೂತಿತು, ಹದಿನೇಳರ ಗಾಳಿಯಷ್ಟೂ ಒಳಗೇ ಹೋಯಿತು. ಅಮ್ಮ ಎರಡು ಸಲ ಹೆದರಿ ಅವರನ್ನು ಅಲುಗಾಡಿಸಿ ಎಬ್ಬಿಸಿದಳಂತೆ. ಎದೆ ಏಳುವುದೇ ನಿಂತಿತ್ತಂತೆ. ಬೆಳಿಗ್ಗೆ ಅಂಕಿ ನೋಡಿದೆ: ಇಪ್ಪತ್ತಾರು. ಅದರಲ್ಲಿ ಮುಕ್ಕಾಲು ಪಾಲು ಗಂಟಲು ತೆರೆದಿದ್ದರೂ ದೇಹ ಉಸಿರಾಡುವುದನ್ನೇ ಬಿಟ್ಟದ್ದು ಎಂದು ಯಂತ್ರ ಹೇಳುತ್ತದೆ. ಅತಿ ಒತ್ತಡಕ್ಕೆ ಹೀಗಾಗುತ್ತದಂತೆ. ಕಿರುಹೊತ್ತಿಗೆಯಲ್ಲಿ ಇದು ಇರಲಿಲ್ಲ.

ಏಪ್ರಿಲ್ 9, ಬುಧವಾರ

ಸೋಮವಾರ ರಾತ್ರಿ ಹದಿಮೂರಕ್ಕೆ ಇಳಿಸಿದೆ, ಅಂಕಿ ಹನ್ನೊಂದು. ನಿನ್ನೆ ರಾತ್ರಿ ಒಂಬತ್ತಕ್ಕೆ ಇಳಿಸಿದೆ, ಅಂಕಿ ಎರಡು. ಕಪ್ಪು ಪಟ್ಟಿ ಕಿತ್ತು ನೋಡಿದೆ, ಕೆಂಪು ಗೊಂಬೆ ಇಲ್ಲ. ಏಳೂವರೆ ಗಂಟೆ ಮಲಗಿದ್ದಾರೆ. ಬೆಳಿಗ್ಗೆ ಎದ್ದು ಎಷ್ಟೋ ದಿನದ ಮೇಲೆ ನಾಲ್ಕು ಪರೋಠಾ ತಿಂದರು. ಪಕ್ಕದ ಮನೆಯ ನಾಯಿಯನ್ನು ಹೆಸರು ಹಿಡಿದು ಮಾತಾಡಿಸಿದರು.

ಸರಿಯಾದ ಒತ್ತಡ ಒಂಬತ್ತು ಎಂದು ನಾನು ಕಂಡುಹಿಡಿದೆ. ಡಾಕ್ಟರು ಬರೆದದ್ದೂ ಅದೇ ಆಗಿತ್ತು, ಕಾಕತಾಳೀಯ.

ಈಗ ಪ್ರತಿಭಟನೆಯ ಪ್ರಶ್ನೆ. ಗಡ್ಡವಿಲ್ಲದ ಮುಖ ನಮ್ಮ ಕೈಯನ್ನು ದುರ್ಬಲ ಮಾಡುತ್ತದೆ. ಅಪ್ಪ ಆ ದಿನ ಮನೆಯಲ್ಲೇ ಇರುವುದು ವಾಸಿ ಎಂದು ಸಮಿತಿಯ ಪರವಾಗಿ ತೀರ್ಮಾನಿಸಿದೆ. ಅವರ ಹಳೆಯ ಫೋಟೋವನ್ನು ಆರಡಿ ಎತ್ತರಕ್ಕೆ ದೊಡ್ಡದು ಮಾಡಿಸಿದ್ದೇನೆ. ಚೆನ್ನಾಗಿ ಬಂದಿದೆ, ಗಡ್ಡದ ಒಂದೊಂದು ಎಳೆಯೂ ಕಾಣುತ್ತದೆ.

ಏಪ್ರಿಲ್ 10, ಗುರುವಾರ

ಅಪ್ಪನಿಗೆ ಇಂದು ರಜೆ. ತಮ್ಮ ಫೋಟೋ ಇರುವ ಕರಪತ್ರವೊಂದು ಬೇಕೆಂದು ನನ್ನ ಕೋಣೆಗೆ ಹೋಗಿದ್ದರಂತೆ. ಅಂಗಡಿಯಿಂದ ಎರಡು ಗಂಟೆಗೆ ಬಂದಾಗ ಅಡುಗೆಮನೆಯ ಮೇಜಿನೆದುರು ಕೂತಿದ್ದರು. ಎದುರಿಗೆ ಲೂರ್ಡೆಸ್ ಕೊಟ್ಟ ಪೆಟ್ಟಿಗೆ, ತೆರೆದದ್ದು. ಪಕ್ಕದಲ್ಲಿ ಆ ಊಟದ ಡಬ್ಬಿ. ನೇರವಾಗಿದೆ, ಆದರೆ ಮುಚ್ಚಳ ಇನ್ನೂ ಕೂರುತ್ತಿಲ್ಲ.

ಇದೇನು ಎಂದು ಕೇಳಿದರು. ಹೇಳಿದೆ. ಯಾವಾಗ ಕೊಟ್ಟಳು ಎಂದರು. ಮಾರ್ಚ್ ಐದು ಎಂದೆ. ಗಡ್ಡ ಇರುವವರಿಗೂ ಆಗುತ್ತದಾ ಎಂದರು. ಗಡ್ಡ ಇರುವವರಿಗೆಂದೇ ಕೊಟ್ಟದ್ದು ಎಂದೆ. ಠಾಠಿಯ ಮಾತನ್ನೂ ಹೇಳಿದೆ, ಮೂವರು ಸರ್ದಾರ್ಜಿಗಳ ವಿಷಯವನ್ನೂ. ತಾತ್ವಿಕವಾಗಿ ನಾನು ಸುಳ್ಳಿಗೆ ವಿರೋಧಿ. ನೇರವಾಗಿ ಕೇಳಿದರೆ ಯಾವತ್ತೂ ಹೇಳುತ್ತಿದ್ದೆ.

ಅಪ್ಪ ಎದ್ದು ಹೋಗಿ ತಮ್ಮ ಠಾಠಿಯನ್ನೂ ಯಂತ್ರವನ್ನೂ ತಂದರು. ದಿನಾ ಬೆಳಿಗ್ಗೆ ಕಟ್ಟುವ ಹಾಗೇ ಗದ್ದದ ಕೆಳಗಿಂದ ನೆತ್ತಿಗೆ ತಂದು ಗಂಟು ಹಾಕ ಹೋದರು. ಬಟ್ಟೆ ಸಡಿಲವಾಗಿ ಜೋತುಬಿತ್ತು, ಒಳಗೆ ಏನೂ ಇಲ್ಲವಲ್ಲ. ಮಡಚಿ ಮತ್ತೆ ಕಟ್ಟಿದರು. ಪುಟ್ಟ ಮಾಸ್ಕನ್ನು ಮೂಗಿಗೆ ಸಿಕ್ಕಿಸಿ ಯಂತ್ರ ಹಾಕಿದರು. ಒಂದು ಚೂರೂ ಸುಯ್ಯೆನ್ನಲಿಲ್ಲ. ನಡುಹಗಲಿನಲ್ಲಿ, ಮೇಜಿನ ಮೇಲೆ ಎರಡೂ ಕೈ ಇಟ್ಟು, ಬಾಯಿ ಮುಚ್ಚಿ, ಹತ್ತು ನಿಮಿಷ ಹಾಗೇ ಉಸಿರಾಡುತ್ತ ಕೂತರು. ಅಮ್ಮ ಒಲೆ ಆರಿಸಿ ಬಾಗಿಲಿಗೆ ಒರಗಿ ನಿಂತಿದ್ದಳು.

ಆಮೇಲೆ ಎಲ್ಲ ಬಿಚ್ಚಿದರು. ಠಾಠಿಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯೊಳಗೆ ಇಟ್ಟರು.

ಬೈಯುತ್ತಾರೆಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಬೈಯಲೇ ಇಲ್ಲ.

"ಶನಿವಾರ ಎಷ್ಟು ಗಂಟೆಗೆ ಅಂದೆ?"

ಹತ್ತಕ್ಕೆ, ಆದರೆ ನೀವು ಬರುವುದು ಬೇಡವೆಂದು ಸಮಿತಿ ತೀರ್ಮಾನಿಸಿದೆ ಎಂದೆ.

"ಬರ್ತೀನಿ. ಮೈಕ್ ಇರತ್ತಾ?"

ಇರುತ್ತದೆ ಎಂದೆ. ನನಗೆ ಸಂತೋಷ ತಡೆಯಲಾಗಲಿಲ್ಲ. ಐದು ವಾರ ನಾನು ಮಾಡಿದ್ದು ವ್ಯರ್ಥವಾಗಲಿಲ್ಲ. ಕಡೆಗೂ ಅವರಲ್ಲಿ ಹೋರಾಟದ ಕಿಡಿ ಹತ್ತಿದೆ. ಕಂಪನಿಯೇ ಗಡ್ಡ ತೆಗೆಸಿತು ಎಂದು ಹೇಳಿ, ಪತ್ರಿಕೆಯವರು ಬರೆದುಕೊಳ್ಳುತ್ತಾರೆ ಎಂದೆ.

"ಏನಾಯ್ತೋ ಅದನ್ನ ಹೇಳ್ತೀನಿ. ಮೊದಲಿಂದ."

ಲೂರ್ಡೆಸಳ ನಂಬರ್ ಕೇಳಿ ತೆಗೆದುಕೊಂಡು ಅವರೇ ಫೋನ್ ಮಾಡಿ ಅವಳನ್ನೂ ಕರೆದರು. ಡೆನಿಸ್ಟನ್‌ಗೂ ತಾವೇ ಹೇಳುತ್ತಾರಂತೆ, ಹೊರಗೆ ಬಂದು ನಿಂತು ಕೇಳಲಿ ಎಂದು. ಪೆಟ್ಟಿಗೆಯನ್ನೂ ಡಬ್ಬಿಯನ್ನೂ ತರುತ್ತಾರಂತೆ. ಜನರಿಗೆ ತೋರಿಸಲು ಚೆನ್ನಾಗಿರುತ್ತದೆ ಎಂದೆ. ಅಮ್ಮ ತಾನೂ ಬರುತ್ತೇನೆ ಎಂದಳು, ಕೂದಲು ಕಟ್ಟಿಟ್ಟ ಚುನ್ನಿಯ ಗಂಟು ತೆಗೆದುಕೊಂಡು.

ಭಾಷಣಕಾರರ ಪಟ್ಟಿಯಲ್ಲಿ ಅಪ್ಪನ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಹಾಕಿದ್ದೇನೆ. ಎಲ್ಲರಿಗೂ ಸಂದೇಶ ಕಳಿಸಿದೆ: ಏಪ್ರಿಲ್ 12, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಸರಿಯಾಗಿ, ಕಂಪನಿಯ ದೊಡ್ಡ ಗೇಟಿನ ಮುಂದೆ.